ಮಗುವಿನ ಹೊಟ್ಟೆಯನ್ನು ಎರಡನೇ ಸಲ ಮುಟ್ಟಿ ನೋಡಿ

ಮಗು ಹೊಟ್ಟೆನೋವು ಎಂದರೆ ನಮ್ಮ ಮನೆಗಳಲ್ಲಿ ಕಾರಣ ಹೇಳಲು ಎರಡು ನಿಮಿಷವೂ ಬೇಡ. ಹುಳ ಇರಬೇಕು, ಗ್ಯಾಸ್ ಇರಬೇಕು, ಶಾಲೆ ತಪ್ಪಿಸುವ ನೆಪ ಇರಬೇಕು. ಕೆಲವು ಕಡೆ ‘ಬಟ್ಟಿ ಬಿದ್ದಿದೆ’ ಎಂದು ಹೊಟ್ಟೆ ತಿಕ್ಕಿಸುವುದೂ ಉಂಟು. ಬಹುತೇಕ ನೋವುಗಳು ತಾವಾಗಿಯೇ ಹೋಗುವುದರಿಂದ ಈ ವೈದ್ಯಕ್ಕೆಲ್ಲ ಒಳ್ಳೆಯ ಹೆಸರೂ ಇದೆ.

ಹೋಗದೇ ಉಳಿಯುವ ನೋವು ಅಪೆಂಡಿಸೈಟಿಸ್ ಆಗಿರಬಹುದು. ಮೊದಲು ಹೊಕ್ಕುಳ ಸುತ್ತ ಮಂದವಾಗಿ ಶುರುವಾಗುತ್ತದೆ. ಕೆಲವು ತಾಸುಗಳಲ್ಲಿ ಕಿಬ್ಬೊಟ್ಟೆಯ ಬಲಕ್ಕೆ ಸರಿದು ಅಲ್ಲೇ ನಿಲ್ಲುತ್ತದೆ. ಊಟ ಬೇಡವಾಗುತ್ತದೆ, ವಾಂತಿ, ಸಣ್ಣ ಜ್ವರ. ಐದು ವರ್ಷದೊಳಗಿನವರಲ್ಲಿ ಈ ಕ್ರಮ ಸಿಗುವುದೇ ಅಪರೂಪ: ಎಲ್ಲಿ ನೋವೆಂದು ಹೇಳಲು ಬರುವುದಿಲ್ಲ, ಭೇದಿಯೂ ಸೇರಿಕೊಂಡು ದಾರಿ ತಪ್ಪಿಸುತ್ತದೆ. ಹಾಗಾಗಿ ಆ ವಯಸ್ಸಿನಲ್ಲಿ ರೋಗ ಪತ್ತೆಯಾಗುವಷ್ಟರಲ್ಲಿ ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಅಪೆಂಡಿಕ್ಸ್ ಒಡೆದಿರುತ್ತದೆ. ಒಡೆದಾಗ ನೋವು ತುಸು ಹೊತ್ತು ಇಳಿಯಲೂಬಹುದು. ಮನೆಯವರು ಉಸ್ಸೆಂದು ಕೂರುವುದು ಆಗಲೇ.

ಇದನ್ನು ಹಿಡಿಯಲು ದೊಡ್ಡ ಯಂತ್ರವೇ ಬೇಕೆಂದಿಲ್ಲ. 2002ರಲ್ಲಿ ವೈದ್ಯ ಮದನ್ ಸ್ಯಾಮ್ಯುಯೆಲ್ ಪ್ರಕಟಿಸಿದ, ಮಕ್ಕಳಲ್ಲಿ ಈ ರೋಗದ ಸಾಧ್ಯತೆ ಅಳೆಯುವ ಅಂಕಪಟ್ಟಿಯಲ್ಲಿ ಒಟ್ಟು 10 ಅಂಕ. ಅದರಲ್ಲಿ 8 ಅಂಕ ಬರುವುದು ವಿಚಾರಿಸಿ, ಮುಟ್ಟಿ, ಜ್ವರ ನೋಡಿ; ರಕ್ತಪರೀಕ್ಷೆಗೆ ಉಳಿಯುವುದು ಎರಡೇ. ‘ಕುಂಟೆಬಿಲ್ಲೆ ಆಡುವ ಹಾಗೆ ಒಂದು ಸಲ ಹಾರು ಪುಟ್ಟಾ’ ಎಂದರೆ ಸಾಕು, ಹಾರಲು ಹೋದ ಮಗು ಬಲಗಡೆ ಹಿಡಿದು ಮುಖ ಕಿವುಚುತ್ತದೆ. ಕೆಮ್ಮಲು ಹೇಳಿದರೂ ಅಷ್ಟೇ.

ಆದರೆ ಆರನೇ ತಾಸಿನಲ್ಲಿ ಕಾಣದ್ದು ಹದಿನೆಂಟನೇ ತಾಸಿನಲ್ಲಿ ಕಾಣಬಹುದು. ನಮ್ಮಲ್ಲಿ ಎಡವುವುದು ಇಲ್ಲೇ. ಮೊದಲು ನೋಡಿದ ಡಾಕ್ಟರು ತಪ್ಪಿದರೆನ್ನುವಂತಿಲ್ಲ. ಎರಡನೇ ಸಲ ಯಾರೂ ನೋಡಲಿಲ್ಲ. ಅಲ್ಟ್ರಾಸೌಂಡ್ ಮೊದಲು ಮಾಡಿಸಬೇಕಾದ ಸ್ಕ್ಯಾನ್ ನಿಜ, ವಿಕಿರಣದ ಭಯವಿಲ್ಲ. ಆದರೆ ‘ಅಪೆಂಡಿಕ್ಸ್ ಕಾಣಿಸಲಿಲ್ಲ’ ಎಂಬ ರಿಪೋರ್ಟನ್ನು ‘ಏನೂ ಇಲ್ಲ’ ಎಂದು ಓದಿಕೊಂಡು ಮನೆಗೆ ಹೋಗುವವರೇ ಹೆಚ್ಚು. ನೋವಿನ ಔಷಧ ಕೊಟ್ಟರೆ ರೋಗ ಮುಚ್ಚಿಹೋಗುತ್ತದೆಂಬ ಹಳೆಯ ಅಂಜಿಕೆಗೂ ಆಧಾರವಿಲ್ಲ. ಮಗುವನ್ನು ಸುಮ್ಮನೆ ನರಳಿಸಬೇಕಿಲ್ಲ.

ಆಪರೇಷನ್ ಬೇಡ, ಆಂಟಿಬಯಾಟಿಕ್ ಸಾಲದೇ ಎಂದು ಕೇಳುವ ತಂದೆತಾಯಿಯರೂ ಈಗ ಹೆಚ್ಚಿದ್ದಾರೆ. ಕೇಳುವುದು ತಪ್ಪಲ್ಲ. ಐದು ದೇಶಗಳ 936 ಮಕ್ಕಳ ಮೇಲೆ ನಡೆದು 2025ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಅಧ್ಯಯನದಲ್ಲಿ, ಒಂದು ವರ್ಷದೊಳಗೆ ಆಂಟಿಬಯಾಟಿಕ್ ಚಿಕಿತ್ಸೆ ಶೇ 34ರಷ್ಟು ಮಕ್ಕಳಲ್ಲಿ ವಿಫಲವಾಯಿತು, ಶಸ್ತ್ರಚಿಕಿತ್ಸೆಯಲ್ಲಿ ಈ ಪ್ರಮಾಣ ಶೇ 7. ಒಡೆಯದ ಅಪೆಂಡಿಕ್ಸ್‌ಗೆ, ಆಸ್ಪತ್ರೆಯ ಪಕ್ಕದಲ್ಲೇ ಮನೆ ಇರುವವರು ಆಂಟಿಬಯಾಟಿಕ್ ಬಗ್ಗೆ ಯೋಚಿಸಬಹುದು. ಮತ್ತೆ ನೋವು ಬಂದರೆ ರಾತ್ರಿ ಬಸ್ಸು ಹಿಡಿದು ಜಿಲ್ಲಾ ಕೇಂದ್ರಕ್ಕೆ ಬರಬೇಕಾದ ಕುಟುಂಬಕ್ಕೆ ಆಪರೇಷನ್ನೇ ಲೇಸು.

ಡಾಕ್ಟರು ಮನೆಗೆ ಕಳಿಸುವಾಗ ‘ಮತ್ತೆ ಎಷ್ಟು ಹೊತ್ತಿಗೆ ತೋರಿಸಬೇಕು?’ ಎಂದು ಕೇಳಿ, ಆ ಸಮಯವನ್ನು ಚೀಟಿಯಲ್ಲೇ ಬರೆಸಿಕೊಳ್ಳಿ. ಅಷ್ಟರವರೆಗೆ ಹರಳೆಣ್ಣೆ, ಭೇದಿ ಮಾತ್ರೆ ಯಾವುದೂ ಬೇಡ. ನೋವು ತಟ್ಟನೆ ಇಳಿದರೂ ಮಗು ಆಡಲು ಏಳದಿದ್ದರೆ ಬರೆದ ಹೊತ್ತಿಗೆ ಕಾಯದೆ ಹೊರಡಿ.