ಮಿದುಳಿನ ರಕ್ತನಾಳದ ಸಿಕ್ಕು: ಚಿಕಿತ್ಸೆ ಯಾರಿಗೆ, ಯಾವಾಗ?

2006ರ ಡಿಸೆಂಬರ್‌ನಲ್ಲಿ ಪತ್ರಕರ್ತರೊಂದಿಗೆ ಮಾತನಾಡುತ್ತಿದ್ದಾಗಲೇ ಅಮೆರಿಕದ ಸೆನೆಟರ್ ಟಿಮ್ ಜಾನ್ಸನ್ ಅವರ ಮಾತು ತೊದಲಿತು. ಮಿದುಳಿನಲ್ಲಿ ರಕ್ತಸ್ರಾವವಾಗಿತ್ತು. ಡೆಮಾಕ್ರಟಿಕ್ ಪಕ್ಷ 51-49ರ ಅಲ್ಪ ಬಹುಮತದಿಂದ ಸೆನೆಟ್‌ನ ಹಿಡಿತ ಪಡೆಯಲಿದ್ದ ಹೊತ್ತದು. ತುರ್ತು ಶಸ್ತ್ರಚಿಕಿತ್ಸೆಯ ಬಳಿಕ ಚೇತರಿಸಿಕೊಂಡ ಅವರು 2007ರ ಸೆಪ್ಟೆಂಬರ್‌ನಲ್ಲಿ ಸದನಕ್ಕೆ ಮರಳಿದರು.

ಅವರಿಗಿದ್ದುದು ಆರ್ಟೀರಿಯೋವೀನಸ್ ಮಾಲ್ಫಾರ್ಮೇಶನ್, ಅರ್ಥಾತ್ ಎವಿಎಂ. ಅಪಧಮನಿ ಮತ್ತು ಅಭಿಧಮನಿಗಳ ನಡುವೆ ಇರಬೇಕಾದ ಸೂಕ್ಷ್ಮ ಲೋಮನಾಳಗಳು ಇಲ್ಲಿರುವುದಿಲ್ಲ. ಹೀಗಾಗಿ ರಕ್ತ ಅಧಿಕ ಒತ್ತಡದಿಂದ ನೇರವಾಗಿ ತೆಳು ಅಭಿಧಮನಿಗಳಿಗೆ ನುಗ್ಗುತ್ತದೆ. ಸಿಕ್ಕು ಒಡೆದರೆ ಪ್ರಾಣಕ್ಕೇ ಸಂಚಕಾರ.

ಚಿಕಿತ್ಸೆಗೆ ಮೂರು ಮಾರ್ಗಗಳಿವೆ: ಶಸ್ತ್ರಚಿಕಿತ್ಸೆಯಿಂದ ಸಿಕ್ಕನ್ನು ತೆಗೆಯುವುದು, ಕ್ಯಾತಿಟರ್ ಮೂಲಕ ಅಂಟು ದ್ರವ ಹರಿಸಿ ನಾಳ ಮುಚ್ಚುವುದು, ಗಾಮಾ ನೈಫ್‌ನಂತಹ ಕೇಂದ್ರೀಕೃತ ವಿಕಿರಣ. ವಿಕಿರಣದಿಂದ ಸಿಕ್ಕು ಮುಚ್ಚಲು ಎರಡು-ಮೂರು ವರ್ಷ ಬೇಕು. ಅಲ್ಲಿಯವರೆಗೆ ರಕ್ತಸ್ರಾವದ ಭೀತಿ ತಪ್ಪದು.

ಒಮ್ಮೆ ಒಡೆದ ಸಿಕ್ಕು ಮತ್ತೆ ಒಡೆಯುವ ಸಂಭವ ಹೆಚ್ಚು. ಆದ್ದರಿಂದ ಅಲ್ಲಿ ಚಿಕಿತ್ಸೆಯತ್ತಲೇ ವೈದ್ಯರ ಒಲವು. ವಿವಾದವಿರುವುದು ಇನ್ನೂ ಒಡೆಯದ ಸಿಕ್ಕಿನ ಬಗ್ಗೆ. ಇದನ್ನು ಬಗೆಹರಿಸಲು ಹೊರಟ 'ಅರುಬಾ' ಅಧ್ಯಯನಕ್ಕೆ 2013ರಲ್ಲಿ ರೋಗಿಗಳ ಸೇರ್ಪಡೆಯನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. 223 ರೋಗಿಗಳನ್ನು ಸರಾಸರಿ 33 ತಿಂಗಳು ಗಮನಿಸಿದಾಗ, ಔಷಧಕ್ಕಷ್ಟೇ ಸೀಮಿತರಾದವರಲ್ಲಿ ಶೇ. 10.1 ಮಂದಿ ಪಾರ್ಶ್ವವಾಯು ಅಥವಾ ಸಾವಿಗೆ ತುತ್ತಾಗಿದ್ದರು. ಸಿಕ್ಕು ನಿವಾರಣೆಗೆ ಆಯ್ಕೆಯಾದವರಲ್ಲಿ ಈ ಪ್ರಮಾಣ ಶೇ. 30.7.

ಹಾಗಾದರೆ ಮುಟ್ಟದಿರುವುದೇ ಲೇಸೇ? ಆ ತೀರ್ಮಾನ ಅವಸರದ್ದಾದೀತು. ಚಿಕಿತ್ಸೆಯ ಅಪಾಯ ಮೊದಲ ದಿನಗಳಲ್ಲೇ ಎದುರಾಗುತ್ತದೆ; ಸಿಕ್ಕಿನ ಅಪಾಯವಾದರೋ ಜೀವನಪರ್ಯಂತದ್ದು. ವರ್ಷಕ್ಕೆ ಶೇ. 2 ಎಂದು ಹಿಡಿದರೂ 40 ವರ್ಷಗಳಲ್ಲಿ ಒಮ್ಮೆಯಾದರೂ ಒಡೆಯುವ ಸಾಧ್ಯತೆ ಅರ್ಧವನ್ನು ಮೀರುತ್ತದೆ. ಮೂವತ್ತರ ಯುವಕನಿಗೆ 33 ತಿಂಗಳ ಲೆಕ್ಕ ಸಾಲದು. ಎಪ್ಪತ್ತರ ಹಿರಿಯರಿಗೆ ಅದೇ ಲೆಕ್ಕ ನಿರ್ಣಾಯಕವಾಗಬಹುದು. ಮೇಲಾಗಿ, ಆ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದವರು ವಿರಳ.

ಸಿಕ್ಕಿನ ಗಾತ್ರ, ಅದಿರುವ ಜಾಗ, ರಕ್ತ ಹೊರಹರಿಯುವ ದಾರಿ - ಈ ಮೂರನ್ನು ಅಳೆಯುವ 1986ರ ಸ್ಪೆಟ್ಜ್ಲರ್-ಮಾರ್ಟಿನ್ ಶ್ರೇಣಿ ಇಂದಿಗೂ ಶಸ್ತ್ರಚಿಕಿತ್ಸೆಯ ಅಪಾಯ ಅಂದಾಜಿಸಲು ನೆರವಾಗುತ್ತಿದೆ. ಮೇಲ್ಭಾಗದಲ್ಲಿರುವ ಸಣ್ಣ ಸಿಕ್ಕಿಗೂ ಆಳದಲ್ಲಿರುವ ದೊಡ್ಡ ಸಿಕ್ಕಿಗೂ ಒಂದೇ ಮದ್ದಿಲ್ಲ. ತಲೆನೋವಿಗೆಂದು ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಆಕಸ್ಮಿಕವಾಗಿ ಎವಿಎಂ ಕಂಡುಬಂದರೆ ಕಂಗಾಲಾಗಬೇಕಿಲ್ಲ, ಕಡೆಗಣಿಸಲೂ ಕೂಡದು. ಮೂರೂ ವಿಧಾನ ಬಲ್ಲ ತಜ್ಞರು ಒಟ್ಟಿಗೆ ಕುಳಿತು, ರೋಗಿಯ ವಯಸ್ಸನ್ನೂ ತಕ್ಕಡಿಗಿಟ್ಟು ನಿರ್ಧರಿಸುವುದೇ ಯುಕ್ತ.