ಅಳಿಸುವ ಮೊದಲು ಒಮ್ಮೆ ನೋಡೋಣ

ವ್ಯಾನ್ ಗೋ 1887ರಲ್ಲಿ ರಚಿಸಿದ ‘ಪ್ಯಾಚ್ ಆಫ್ ಗ್ರಾಸ್’ ನೋಡಲು ಬರೀ ಹುಲ್ಲಿನ ಚಿತ್ರ. ಅದರಡಿ ಒಂದು ತಲೆಯ ಅಸ್ಪಷ್ಟ ಆಕಾರವಿರುವುದು ಸಾಮಾನ್ಯ ಎಕ್ಸ್-ರೇಯಲ್ಲೇ ಕಂಡಿತ್ತು. ಆದರೆ ಅಂಥ ಎಕ್ಸ್-ರೇಯಲ್ಲಿ ಮೇಲಿನ ಪದರ, ಕೆಳಗಿನ ಪದರ ಎರಡೂ ಕಲಸಿಹೋಗುತ್ತವೆ. 2008ರಲ್ಲಿ ವಿಜ್ಞಾನಿಗಳು ಹ್ಯಾಂಬರ್ಗ್‌ನ ಸಿಂಕ್ರೊಟ್ರಾನ್‌ನಲ್ಲಿ ಚಿತ್ರದ 17.5 ಸೆಂ.ಮೀ. ಉದ್ದಗಲದ ಭಾಗವನ್ನು ಎರಡು ದಿನ ಕ್ಷ-ಕಿರಣದಿಂದ ಪರೀಕ್ಷಿಸಿದರು. ಕಿರಣ ತಾಗಿದಾಗ ಪ್ರತಿ ಧಾತುವೂ ತನ್ನದೇ ಗುರುತಿನ ಕಿರಣ ಹೊಮ್ಮಿಸುತ್ತದೆ. ಕೆಂಪು ಬಣ್ಣದ ಪಾದರಸ, ಹಳದಿಯ ಆಂಟಿಮನಿ ಎಲ್ಲೆಲ್ಲಿವೆ ಎಂದು ಗುರುತಿಸಿದಾಗ ರೈತ ಹೆಂಗಸೊಬ್ಬಳ ಮುಖ ಸ್ಪಷ್ಟವಾಯಿತು. ಮೇಲಿನ ಹುಲ್ಲಿಗೆ ಧಕ್ಕೆಯಾಗಲಿಲ್ಲ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಾನು ಅವಲೋಕಿಸಿದ ಒಂದು ಗಣಿತ ಪಾಠ. ಹುಡುಗಿಯೊಬ್ಬಳು ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಿ 2/5 ಎಂದು ಬರೆದಿದ್ದಳು. ಪ್ರಶಿಕ್ಷಣಾರ್ಥಿ ಅದನ್ನು ರಬ್ಬರಿನಿಂದ ಅಳಿಸಿಸಿ, 5/6 ಎಂದು ಬರೆಸಿ ಮುಂದೆ ಹೋದರು. ನಾನೂ ‘ಉತ್ತಮ’ ಎಂದು ಸಹಿ ಹಾಕಿದೆ. ಮುಂದಿನ ವಾರದ ಕಿರುಪರೀಕ್ಷೆಯಲ್ಲಿ ಆಕೆ ಮತ್ತೆ 2/5 ಎಂದೇ ಬರೆದಳು. ಅಳಿದದ್ದು ಕಾಗದದ ಮೇಲಿನ ಅಂಕಿ ಮಾತ್ರ. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಬೇಕೆಂಬ ಆಕೆಯ ತರ್ಕ ಅಡಿಯಲ್ಲಿ ಹಾಗೇ ಇತ್ತು. ಆ ತಪ್ಪಿನಲ್ಲಿ ಆಕೆಯ ಪಾಲು ಕಡಿಮೆ, ನಮ್ಮಿಬ್ಬರದೇ ಹೆಚ್ಚು.

ನಲವತ್ತು ನಿಮಿಷದ ಅವಧಿಯಲ್ಲಿ ಪ್ರತಿ ತಪ್ಪನ್ನೂ ಕೆದಕಲು ಸಮಯವೆಲ್ಲಿ ಎಂದು ನೀವು ಕೇಳಬಹುದು. ನಿಜ. ಹ್ಯಾಂಬರ್ಗ್‌ನಲ್ಲೂ ಇಡೀ ಚಿತ್ರವನ್ನು ಪರೀಕ್ಷಿಸಲಿಲ್ಲ, ಅನುಮಾನವಿದ್ದ ಒಂದು ಭಾಗವನ್ನಷ್ಟೇ. ನಾವೂ ಪಾಠಕ್ಕೆ ಒಂದು ತಪ್ಪು ಉತ್ತರವನ್ನು ಆರಿಸಿಕೊಂಡು, ‘ಇದು ನಿನಗೆ ಹೇಗೆ ಬಂತು, ಹೇಳಮ್ಮ’ ಎಂದು ಕೇಳಬಹುದು. ಕೇಳುವ ದನಿಯಲ್ಲಿ ಅವಮಾನ ಇರಬಾರದು. ಮೇಲಿನ ಪದರ ಹರಿದು ಒಳಗಿನದನ್ನು ನೋಡುವುದು ಪರೀಕ್ಷೆಯಲ್ಲ.

ನನ್ನ ಸಲಹೆ ಎರಡೇ. ಮಕ್ಕಳು ತಪ್ಪನ್ನು ಉಜ್ಜಿ ಅಳಿಸದೆ, ಓದಲು ಬರುವಂತೆ ಒಂದು ಗೆರೆ ಎಳೆಯಲಿ. ಪಾಠಯೋಜನೆಯ ಕೊನೆಯಲ್ಲಿ ‘ಮಕ್ಕಳು ಕೊಟ್ಟ ತಪ್ಪು ಉತ್ತರ, ಅದರ ಹಿಂದಿನ ಯೋಚನೆ’ ಎಂಬ ಅಂಕಣವಿರಲಿ. ಅವಲೋಕಿಸುವ ನಾವು ಅದಕ್ಕೂ ಅಂಕ ಕೊಡೋಣ. ಅಂಕವಿಲ್ಲದ ಅಂಕಣವನ್ನು ಯಾರೂ ಮನಸ್ಸಿಟ್ಟು ತುಂಬುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿರುವ ವಿಷಯವೇ.