ಮಿನುಗು ಉಳಿಯಿತು, ಟೇಪು ಅಳಿಯಿತು

ಬ್ರಿಟಿಷ್ ಟೀವಿಯ 'ಆ ದಿನಗಳು' ಮಾದರಿಯ ಕಾರ್ಯಕ್ರಮಗಳನ್ನು ನಂಬುವುದನ್ನು ನಾನು ಬಿಟ್ಟಿದ್ದೇನೆ. ಗ್ಲಾಮ್ ರಾಕ್ ಎಂದರೆ ಅವಕ್ಕೆ ದಪ್ಪ ಅಟ್ಟೆಯ ಬೂಟು, ಕಣ್ಣಿನ ಕೆಳಗೆ ಮಿನುಗುಪುಡಿ, ಅದನ್ನು ನೋಡಿ ನಗುವ ಒಬ್ಬ ಹಾಸ್ಯಗಾರ. ಮುಗೀತು.

ನಗುವಂಥದ್ದು ಏನಿದೆ? 1972ರ ಜುಲೈ 6ರಂದು ಬಿಬಿಸಿಯ 'ಟಾಪ್ ಆಫ್ ದ ಪಾಪ್ಸ್'ನಲ್ಲಿ ಡೇವಿಡ್ ಬೋವಿ 'ಸ್ಟಾರ್‌ಮ್ಯಾನ್' ಹಾಡುತ್ತಾ ಗಿಟಾರಿಸ್ಟ್ ಮಿಕ್ ರಾನ್ಸನ್ ಹೆಗಲ ಮೇಲೆ ಕೈ ಹಾಕಿದ. ಗಂಡಸರ ನಡುವಿನ ಪ್ರೇಮ ಇಂಗ್ಲೆಂಡಿನಲ್ಲಿ ಅಪರಾಧವಲ್ಲ ಎಂದಾಗಿ ಆಗಿನ್ನೂ ಐದು ವರ್ಷ. ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದ ನಮಗೆ ಬಣ್ಣ ಹಚ್ಚಿದ ಗಂಡು ಹೊಸದಲ್ಲ. ಅಲ್ಲಿನ ನಡುಮನೆಗೆ ಅದು ಸಣ್ಣ ವಿಷಯವಾಗಿರಲಿಲ್ಲ. 1973ರ ಡಿಸೆಂಬರ್‌ನಲ್ಲಿ ಸ್ಲೇಡ್ ತಂಡದ ಕ್ರಿಸ್‌ಮಸ್ ಹಾಡು ಮೊದಲ ಸ್ಥಾನದಲ್ಲಿದ್ದಾಗ, ವಿದ್ಯುತ್ ಉಳಿಸಲೆಂದು ಟೀವಿ ರಾತ್ರಿ ಹತ್ತೂವರೆಗೇ ಬಂದ್ ಆಗುತ್ತಿತ್ತು. ಕತ್ತಲೆಯ ಆ ಚಳಿಗಾಲವನ್ನು ಪಕ್ಕಕ್ಕಿಟ್ಟು ಬರೀ ಬೂಟು ತೋರಿಸಿದರೆ ಅದು ಕಾರ್ಟೂನ್.

ಇನ್ನು ಬಿಬಿಸಿಯ ಗೃಹಕೃತ್ಯ. ಟೇಪು ದುಬಾರಿ ಎಂದು ಅಳಿಸಿ ಮತ್ತೆ ಬಳಸಿದರು. ಬ್ಯಾಕಪ್ ಇಲ್ಲದೆ ಪ್ರೊಡಕ್ಷನ್ ಡೇಟಾ ಅಳಿಸಿದವನನ್ನು ನಮ್ಮ ಕೆಲಸದಲ್ಲಿ ಏನೆನ್ನುತ್ತೇವೆ ಎಂದು ಬೇರೆ ಹೇಳಬೇಕೆ? ಬೋವಿಯ 'ಜೀನ್ ಜೀನಿ' ಪ್ರದರ್ಶನ ಉಳಿದಿದ್ದು, ಕ್ಯಾಮೆರಾಮನ್ ಒಬ್ಬರು ತಮಗಾಗಿ ಒಂದು ಪ್ರತಿ ಇಟ್ಟುಕೊಂಡಿದ್ದರಿಂದ. ಅದು ಬೆಳಕಿಗೆ ಬಂದಿದ್ದು 2011ರಲ್ಲಿ. ಅದೇ ವರ್ಷ ಬಿಬಿಸಿ ಫೋರ್ ಹಳೆಯ ಕಂತುಗಳ ಮರುಪ್ರಸಾರ ಶುರುಮಾಡಿತು, 1976ರಿಂದ. ಗ್ಲಾಮ್‌ನ ಊಟ ಅಷ್ಟರಲ್ಲಿ ಮುಗಿದು ಎಲೆ ಎತ್ತಿಯಾಗಿತ್ತು.

ನನಗೆ ನಿಜಕ್ಕೂ ಸಿಟ್ಟು ಬರುವುದು ಇನ್ನೊಂದಕ್ಕೆ. ನಿರೂಪಕ ಜಿಮ್ಮಿ ಸ್ಯಾವಿಲ್ ಮಕ್ಕಳ ಮೇಲೆ ನಡೆಸಿದ ದೌರ್ಜನ್ಯ ಅವನು ಸತ್ತ ಮೇಲೆ, 2012ರಲ್ಲಿ, ಹೊರಬಿತ್ತು. ಅವನು ನಿರೂಪಿಸಿದ ಕಂತುಗಳನ್ನು ಬಿಬಿಸಿ ಸದ್ದಿಲ್ಲದೆ ಹಾರಿಸತೊಡಗಿತು. ಗ್ಲಾಮ್‌ನ ದೊಡ್ಡ ಹೆಸರುಗಳಲ್ಲೊಬ್ಬನಾದ ಗ್ಯಾರಿ ಗ್ಲಿಟರ್‌ಗೆ ಬಾಲಕಿಯರ ಮೇಲಿನ ಲೈಂಗಿಕ ಅಪರಾಧಗಳಿಗಾಗಿ 2015ರಲ್ಲಿ 16 ವರ್ಷ ಶಿಕ್ಷೆಯಾಯಿತು. ಅವನ ಹಾಡು ಹಾಕಬೇಡಿ, ಸರಿ. ಆದರೆ ಅವನು ಇರಲೇ ಇಲ್ಲವೆಂಬಂತೆ ಕತ್ತರಿಸಿ ಅಂಟಿಸಿ, ಉಳಿದದ್ದನ್ನು 'ಮುಗ್ಧ ಕಾಲ' ಎಂದು ಮಾರುತ್ತೀರಲ್ಲ, ಆ ಮುಗ್ಧತೆ ಯಾರದ್ದು? ಸ್ಟುಡಿಯೋದಲ್ಲಿ ಕುಣಿಯುತ್ತಿದ್ದ ಹದಿಹರೆಯದ ಹುಡುಗಿಯರಿಗೆ ಈಗ ಅರವತ್ತು ದಾಟಿದೆ. ಅವರನ್ನು ಕೂರಿಸಿ ಕೇಳಿ, ಬೂಟಿನ ಬಗ್ಗೆ ಆಮೇಲೆ ನಗೋಣ.